ಒಂದೇ ವೈಫೈ, ನಾಲ್ಕು ಮನೆ



ರಾಯಚೂರಿನ ಲಿಂಗಸುಗೂರು ರಸ್ತೆಯ ಕಡೆ ಒಂದು ಕಾಂಪೌಂಡು. ಮುಂದಿನ ಮನೆಯಲ್ಲಿ ಮಾಲಕರು, ಹಿಂದೆ ಮೂರು ಬಾಡಿಗೆ ಮನೆ, ಮಾಳಿಗೆ ಮೇಲೆ ಎರಡು ಕೋಣೆ. ಕೋಣೆಗಳಲ್ಲಿ ಕಾಲೇಜು ಹುಡುಗರಿದ್ದಾರೆ. ಇಷ್ಟು ಮಂದಿಗೆ ಇಂಟರ್ನೆಟ್ ಸಂಪರ್ಕ ಒಂದೇ. ತಿಂಗಳ ಬಿಲ್ಲನ್ನು ಎಲ್ಲರೂ ಹಂಚಿಕೊಂಡು ಕಟ್ಟುತ್ತಾರೆ. ರೂಟರ್ ಮಾಲಕರ ಪಡಸಾಲೆಯಲ್ಲಿ, ಟಿವಿ ಪಕ್ಕದ ಮೊಳೆಗೆ ತೂಗುತ್ತಿದೆ. ಪಾಸ್‌ವರ್ಡ್ ಮಾಲಕರ ಮೊಬೈಲ್ ನಂಬರು. ಯಾರೂ ಮತ್ತೆ ಮತ್ತೆ ಬಂದು ಕೇಳಬಾರದೆಂದು ಅದನ್ನು ಮೆಟ್ಟಿಲ ಪಕ್ಕದ ಗೋಡೆಯ ಮೇಲೆ, ನಲ್ಲಿ ನೀರು ಬಿಡುವ ದಿನಗಳ ಕೆಳಗೆ, ಮಾರ್ಕರ್‌ನಲ್ಲಿ ಬರೆದಿದ್ದಾರೆ.

ಇಂಥ ಕಾಂಪೌಂಡುಗಳು ನಮ್ಮ ಊರಲ್ಲಿ ಎಷ್ಟೋ ಇವೆ. ಯರಮರಸ್ ಕಡೆಯ ಎಂಜಿನಿಯರಿಂಗ್ ಕಾಲೇಜುಗಳು, ಟ್ರಿಪಲ್ ಐಟಿ, ಕೃಷಿ ವಿಶ್ವವಿದ್ಯಾಲಯ, ರಿಮ್ಸ್ ಮತ್ತು ನವೋದಯ ವೈದ್ಯಕೀಯ ಕಾಲೇಜುಗಳು ಇವುಗಳನ್ನು ನಂಬಿ ದೇವದುರ್ಗ, ಮಾನ್ವಿ, ಸಿಂಧನೂರು, ಲಿಂಗಸುಗೂರಿನಿಂದ ಮಕ್ಕಳು ಬಂದು ಪೇಯಿಂಗ್ ಗೆಸ್ಟ್ ಮನೆಗಳಲ್ಲಿ, ಹಾಸ್ಟೆಲುಗಳಲ್ಲಿ, ಬಾಡಿಗೆ ಕೋಣೆಗಳಲ್ಲಿ ಇರುತ್ತಾರೆ. ಅವರ ಬಳಿ ಒಂದೊಂದು ಲ್ಯಾಪ್‌ಟಾಪ್. ಮನೆಯವರು ಕಷ್ಟಪಟ್ಟು ಕೊಡಿಸಿದ್ದು. ಆ ಲ್ಯಾಪ್‌ಟಾಪನ್ನು ಹತ್ತು ಜನ ಕೂಡಿ ಬಳಸುವ ವೈಫೈಯಲ್ಲಿ ಕಾಪಾಡಿಕೊಳ್ಳುವುದು ಹೇಗೆ ಎನ್ನುವುದು ಇವತ್ತಿನ ಮಾತು.

ಕಳೆದ ಮಳೆಗಾಲದ ಒಂದು ಸಂಜೆ, ನಾನು ಹೇಳಿದ ಕಾಂಪೌಂಡಿನ ಮಾಳಿಗೆಯ ಹುಡುಗನೊಬ್ಬ ನನ್ನನ್ನು ಹುಡುಕಿಕೊಂಡು ಬಂದ. ದೇವದುರ್ಗ ತಾಲ್ಲೂಕಿನ ಜಾಲಹಳ್ಳಿ ಕಡೆಯವನು. ಅವನ ಲ್ಯಾಪ್‌ಟಾಪ್ ಅಪ್ಪ ಹತ್ತಿ ಮಾರಿದ ದುಡ್ಡಿನಲ್ಲಿ ಬಂದದ್ದು. ನಾನು ಕಂಪ್ಯೂಟರ್ ಪಾಠ ಹೇಳುವವನು, ಅವನಿಗೂ ಹೇಳಿದ್ದೆ. ಬಾಗಿಲಲ್ಲೇ ನಿಂತು, "ಸರ್, ನನ್ನ ಲ್ಯಾಪ್‌ಟಾಪ್‌ನ್ಯಾಗ ಬ್ಯಾರೆಯವರ ಫೈಲ್ ಕಾಣಕತ್ಯಾವ್ರಿ. ನಾ ಏನೂ ಮಾಡಿಲ್ರಿ" ಎಂದ. ಹೆದರಿದ್ದ.

ಹೋಗಿ ನೋಡಿದೆ. ವಿಂಡೋಸ್‌ನಲ್ಲಿ ಫೈಲುಗಳನ್ನು ತೆರೆಯುವ ಕಿಟಕಿಯ ಎಡಗಡೆ, ಕೆಳಗೆ 'ನೆಟ್‌ವರ್ಕ್' ಎಂಬ ಗುರುತು ಇರುತ್ತದೆ. ಅದನ್ನು ಒತ್ತಿದರೆ ಅದೇ ವೈಫೈಗೆ ಸೇರಿಕೊಂಡು, ಕಾಣಿಸಿಕೊಳ್ಳಲು ಒಪ್ಪಿರುವ ಕಂಪ್ಯೂಟರ್‌ಗಳ ಹೆಸರುಗಳು ಬರುತ್ತವೆ. ಅಲ್ಲಿ ಮೂರು ಹೆಸರಿದ್ದವು. ಒಂದನ್ನು ತೆರೆದರೆ ಫೋಲ್ಡರ್‌ಗಳು ಸಾಲಾಗಿ ನಿಂತಿದ್ದವು: ಆಧಾರ್, ಪಾಸ್‌ಬುಕ್, ಮಗಳ ಮಾರ್ಕ್ಸ್ ಕಾರ್ಡ್, ಮದುವೆ ಫೋಟೊ. ಹೆಸರು ಓದಿ ಅಲ್ಲಿಗೇ ನಿಲ್ಲಿಸಿ ಕಿಟಕಿ ಮುಚ್ಚಿದೆ. ಅದು ಹಿಂದಿನ ಮನೆಯವರದು. ಮಾನ್ವಿಯಿಂದ ವರ್ಗವಾಗಿ ಬಂದ ನೌಕರರು ಅವರು. ಕರೆದು ತೋರಿಸಿದೆ. ಸ್ವಲ್ಪ ಹೊತ್ತು ಅವರು ಮಾತೇ ಆಡಲಿಲ್ಲ. ಆಮೇಲೆ ಅಂದರು: "ವೈಫೈ ಹಚ್ಚುವಾಗ ಪಬ್ಲಿಕ್ಕೋ ಪ್ರೈವೇಟೋ ಅಂತ ಕೇಳ್ತು ಸರ್. ಪಬ್ಲಿಕ್ ಅಂದ್ರ ಎಲ್ಲಾರಿಗೂ ಕಾಣ್ತೈತಿ ಅಂತ ತಿಳಕೊಂಡು ಪ್ರೈವೇಟ್ ಒತ್ತಿದೆರಿ."

ಇದರಲ್ಲಿ ಅವರ ತಪ್ಪಿಲ್ಲ. ಆ ಎರಡು ಪದಗಳು ಎಂಥವರನ್ನೂ ದಾರಿ ತಪ್ಪಿಸುತ್ತವೆ. ಓದಿದವರು, ಕಚೇರಿಯಲ್ಲಿ ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವರು ಕೂಡ ಇದೇ ಲೆಕ್ಕ ಹಾಕಿದ್ದನ್ನು ಕಂಡಿದ್ದೇನೆ. ಕಂಪ್ಯೂಟರ್ ಅಲ್ಲಿ ಕೇಳುತ್ತಿರುವುದು ನಿಮ್ಮ ಫೈಲುಗಳ ವಿಚಾರವಲ್ಲ, ನೀವು ಸೇರುತ್ತಿರುವ ಜಾಲದ ವಿಚಾರ. ಈ ವೈಫೈಯಲ್ಲಿ ಇರುವವರೆಲ್ಲ ನಿಮ್ಮ ಮನೆಯವರೇನಾ, ಊರ ಮಂದಿಯಾ? ಪ್ರೈವೇಟ್ ಎಂದರೆ 'ಎಲ್ಲ ನಮ್ಮವರೇ, ನನ್ನನ್ನು ಅವರಿಗೆ ತೋರಿಸು' ಎಂದಂತೆ. ಪಬ್ಲಿಕ್ ಎಂದರೆ 'ಇಲ್ಲಿ ಗೊತ್ತಿಲ್ಲದವರಿದ್ದಾರೆ, ನನ್ನನ್ನು ಮರೆಮಾಡು' ಎಂದಂತೆ. ಪಬ್ಲಿಕ್ ಆರಿಸಿದರೆ ಕಂಪ್ಯೂಟರ್ ತನ್ನ ಹೆಸರನ್ನು ಜಾಲದಲ್ಲಿ ಕೂಗಿ ಹೇಳುವುದನ್ನು ನಿಲ್ಲಿಸುತ್ತದೆ, ಹಂಚಿದ ಫೋಲ್ಡರ್‌ಗಳನ್ನು ಮುಚ್ಚುತ್ತದೆ, ಹೊರಗಿನಿಂದ ಬರುವ ಕರೆಗಳಿಗೆ ಬಾಗಿಲು ಹಾಕುತ್ತದೆ. ಹಂಚಿಕೊಂಡ ವೈಫೈಯಲ್ಲಿರುವ ಪ್ರತಿಯೊಬ್ಬರಿಗೂ ಬೇಕಾದದ್ದು ಪಬ್ಲಿಕ್. ಸೆಟ್ಟಿಂಗ್ಸ್‌ಗೆ ಹೋಗಿ, ನೆಟ್‌ವರ್ಕ್ ಅಂಡ್ ಇಂಟರ್ನೆಟ್ ತೆರೆದು, ನಿಮ್ಮ ವೈಫೈ ಹೆಸರಿನ ಪ್ರಾಪರ್ಟೀಸ್ ಒತ್ತಿದರೆ ಈ ಎರಡು ಪದ ಕಾಣುತ್ತವೆ. ಬದಲಾಯಿಸಲು ಅರ್ಧ ನಿಮಿಷ ಸಾಕು.

ಆ ನೌಕರರ ವಿಷಯದಲ್ಲಿ ಇನ್ನೊಂದು ಎಡವಟ್ಟೂ ಸೇರಿತ್ತು. ಮದುವೆ ಫೋಟೊಗಳನ್ನು ಟಿವಿಯಲ್ಲಿ ನೋಡಬೇಕೆಂದು ಯಾರೋ ಆ ಫೋಲ್ಡರುಗಳನ್ನೆಲ್ಲ 'ಎವ್ರಿವನ್' ಎಂದು ಹಂಚಿ, ಪಾಸ್‌ವರ್ಡ್ ಕೇಳುವುದನ್ನೂ ತೆಗೆದುಹಾಕಿದ್ದರು. ಫೋಟೊ ನೋಡಿ ಮುಗಿಯಿತು, ಹಂಚಿಕೆ ಹಾಗೆಯೇ ಉಳಿಯಿತು. ಎಷ್ಟೋ ದಿನ ಆ ಕಾಂಪೌಂಡಿನ ಯಾರು ಬೇಕಾದರೂ ಅವರ ಆಧಾರ್ ಪ್ರತಿ ತೆಗೆದುಕೊಳ್ಳಬಹುದಿತ್ತು.

ವೈಫೈ ಪಾಸ್‌ವರ್ಡ್ ಇದೆಯಲ್ಲ, ಅಷ್ಟು ಸಾಲದೇ ಎಂದು ಜನ ಕೇಳುತ್ತಾರೆ. ಅದು ಕಾಂಪೌಂಡ್ ಗೇಟಿನ ಕೀಲಿ. ಗೇಟಿಗೆ ಕೀಲಿ ಹಾಕಿದ್ದಾರೆಂದು ಯಾರೂ ಮನೆ ಬಾಗಿಲು ತೆರೆದಿಟ್ಟು ಮಲಗುವುದಿಲ್ಲ. ಇನ್ನೂ ಒಂದು ಸಂಗತಿ ತಿಳಿದಿರಲಿ. ನಮ್ಮ ಮನೆಗಳಲ್ಲಿ ಇವತ್ತಿಗೂ ಹೆಚ್ಚಾಗಿ ಇರುವುದು ಡಬ್ಲ್ಯುಪಿಎ2 ಎಂಬ ಬಗೆಯ ವೈಫೈ ಬೀಗ. ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇದ್ದಾಗ, ಅದು ಗೊತ್ತಿರುವವನೊಬ್ಬ ನೀವು ವೈಫೈಗೆ ಸೇರುವ ಗಳಿಗೆಯನ್ನು ಹಿಡಿದಿಟ್ಟುಕೊಂಡರೆ, ಗಾಳಿಯಲ್ಲಿ ಹೋಗುವ ನಿಮ್ಮ ಮಾಹಿತಿಗೆ ಈ ಬೀಗ ಕೊಡುವ ಗುಪ್ತಲಿಪಿಯ ಹೊದಿಕೆಯನ್ನು ಬಿಚ್ಚಬಲ್ಲ. 2018ರಲ್ಲಿ ಬಂದ ಡಬ್ಲ್ಯುಪಿಎ3 ಈ ದೋಷವನ್ನು ಸರಿಪಡಿಸಿತು. ಹೊಸ ರೂಟರ್ ಕೊಳ್ಳುವವರು ಅದನ್ನು ಕೇಳಿ ಕೊಳ್ಳಿ. ಹಳೆಯದರಲ್ಲೂ ಬ್ಯಾಂಕು, ಇಮೇಲು ಮುಂತಾದವಕ್ಕೆ ತಮ್ಮದೇ ಎರಡನೆಯ ಹೊದಿಕೆ ಇರುತ್ತದೆ, ವಿಳಾಸದ ಮೊದಲಲ್ಲಿ ಬರುವ ಎಚ್‌ಟಿಟಿಪಿಎಸ್ ಎಂದರೆ ಅದೇ. ಆದ್ದರಿಂದ 'ಈ ತಾಣದ ಪ್ರಮಾಣಪತ್ರ ಸರಿಯಿಲ್ಲ, ಮುಂದುವರಿಯಬೇಡಿ' ಎಂಬ ಕೆಂಪು ಎಚ್ಚರಿಕೆ ಬಂದಾಗ ದಯವಿಟ್ಟು ಮುಂದುವರಿಯಬೇಡಿ. ಹಂಚಿದ ಜಾಲದಲ್ಲಿ ಆ ಎಚ್ಚರಿಕೆಗೆ ದೊಡ್ಡ ಅರ್ಥವಿದೆ.

ನೆರೆಯವರ ಮೇಲೆ ಅನುಮಾನ ಹುಟ್ಟಿಸುವುದು ನನ್ನ ಉದ್ದೇಶವಲ್ಲ. ಹಬ್ಬಕ್ಕೆ ಹೋಳಿಗೆ ಕೊಟ್ಟುಕೊಂಡು, ಒಬ್ಬರ ಮಕ್ಕಳನ್ನು ಇನ್ನೊಬ್ಬರು ನೋಡಿಕೊಂಡು ಬಾಳುವ ಜಾಗ ಅದು. ಅಪಾಯ ಬರುವುದು ನೆರೆಯವರ ಮನಸ್ಸಿನಿಂದಲ್ಲ, ಅವರಿಗೇ ತಿಳಿಯದೆ ಕೆಟ್ಟುಹೋದ ಅವರ ಯಂತ್ರದಿಂದ. 2022ರ ಮೇ ತಿಂಗಳ ಕೊನೆಯಲ್ಲಿ ಕಲುಷಿತ ನಲ್ಲಿ ನೀರು ಕುಡಿದು ನಮ್ಮ ರಾಯಚೂರಿನ ಜನ ಆಸ್ಪತ್ರೆ ಸೇರಿದರು, ಕೆಲವರು ತೀರಿಕೊಂಡರು. ಜೀವಕ್ಕೆ ಕಂಪ್ಯೂಟರನ್ನು ಸರಿಗಟ್ಟುವ ಮಾತಲ್ಲ ಇದು. ಆದರೆ ಆಮೇಲೆ ನಾವೆಲ್ಲ ಏನು ಮಾಡಿದೆವು ನೆನಪಿಸಿಕೊಳ್ಳಿ. ಪೈಪು ಎಲ್ಲರದೂ ಒಂದೇ, ಎಲ್ಲಿ ಏನು ಸೇರಿದೆಯೋ ತಿಳಿಯದು ಎಂದು ಒಲೆಯ ಮೇಲೆ ನೀರು ಕಾಯಿಸಿದೆವು, ಅವರವರ ಮನೆಯಲ್ಲಿ ಅವರವರೇ ಸೋಸಿ ಕುಡಿದೆವು. ಪಕ್ಕದ ಮನೆಯವರನ್ನು ಯಾರೂ ದೂರಲಿಲ್ಲ. ಹಂಚಿದ ವೈಫೈಯಲ್ಲಿ ಬೇಕಾದದ್ದೂ ಅದೇ ನಡವಳಿಕೆ.

ಕೆಟ್ಟ ಯಂತ್ರವೊಂದು ಪಕ್ಕದ ಯಂತ್ರಗಳನ್ನು ಹೇಗೆ ಕೆಡಿಸುತ್ತದೆ ಎಂಬುದಕ್ಕೆ 2017ರ ಮೇ 12, ಶುಕ್ರವಾರದ ಘಟನೆ ಸಾಕ್ಷಿ. ಅಂದಿನಿಂದ ಕೆಲವೇ ದಿನಗಳಲ್ಲಿ ವಾನಾಕ್ರೈ ಎಂಬ ಕಂಪ್ಯೂಟರ್ ಹುಳು ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳಿಗೆ ಹೊಕ್ಕಿತು. ಫೈಲುಗಳನ್ನೆಲ್ಲ ಗುಪ್ತಲಿಪಿಯಲ್ಲಿ ಬಂಧಿಸಿ, ಬಿಡಿಸಲು 300 ಡಾಲರ್ ಕೊಡಿ ಎಂದು ಪರದೆಯ ಮೇಲೆ ಬರೆಯಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳು ನಿಂತುಹೋದವು. ನಮ್ಮ ತುಂಗಭದ್ರೆಯ ಆಚೆ ದಂಡೆಯ ಆಂಧ್ರಪ್ರದೇಶದಲ್ಲಿ ಪೊಲೀಸ್ ಇಲಾಖೆಯ ಕೆಲವು ಕಂಪ್ಯೂಟರ್‌ಗಳೂ ಸಿಕ್ಕಿಕೊಂಡವು. ಯಾರೂ ಯಾವ ಕೊಂಡಿಯನ್ನೂ ಒತ್ತಬೇಕಾಗಿರಲಿಲ್ಲ. ಒಂದು ಯಂತ್ರಕ್ಕೆ ಹೊಕ್ಕ ಹುಳು ಅದೇ ಜಾಲದಲ್ಲಿದ್ದ ಉಳಿದ ಯಂತ್ರಗಳ ಬಾಗಿಲನ್ನು ಒಂದೊಂದಾಗಿ ತಟ್ಟುತ್ತಿತ್ತು. ತಟ್ಟುತ್ತಿದ್ದ ಬಾಗಿಲು ಯಾವುದು ಗೊತ್ತೇ? ಫೋಲ್ಡರ್ ಹಂಚಿಕೊಳ್ಳಲು ವಿಂಡೋಸ್ ಬಳಸುವ ಬಾಗಿಲು. ನಮ್ಮ ಕಾಂಪೌಂಡಿನಲ್ಲಿ ಮದುವೆ ಫೋಟೊ ಕಾಣಿಸಿದ್ದೂ ಅದೇ ಬಾಗಿಲಿನಿಂದ.

ಮನಸ್ಸಿಗೆ ನೋವಾಗುವ ಸಂಗತಿ ಇನ್ನೊಂದಿದೆ. ಆ ದೋಷವನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಅದೇ ವರ್ಷ ಮಾರ್ಚ್ 14ರಂದೇ ಕೊಟ್ಟಿತ್ತು. ಎರಡು ತಿಂಗಳು ಮೊದಲು. ಹಾಕಿಕೊಂಡವರು ಉಳಿದರು. ನಮ್ಮ ಹುಡುಗರು ಅಪ್‌ಡೇಟ್ ಮುಂದೂಡುವುದಕ್ಕೆ ಕಾರಣ ನನಗೆ ಗೊತ್ತು. ಸಂಜೆ ಏಳರಿಂದ ಹತ್ತರವರೆಗೆ ಎಲ್ಲರೂ ಒಂದೇ ಸಂಪರ್ಕದ ಮೇಲೆ ಕೂತಿರುತ್ತಾರೆ, ಒಬ್ಬನ ಅಪ್‌ಡೇಟ್ ಶುರುವಾದರೆ ಇನ್ನೊಬ್ಬನ ಆನ್‌ಲೈನ್ ಪಾಠ ನಿಲ್ಲುತ್ತದೆ, ಕೋಣೆಯಲ್ಲಿ ಬೈಗುಳ ಕೇಳಬೇಕಾಗುತ್ತದೆ. ಹಾಗಾದರೆ ನಸುಕಿನಲ್ಲಿ ಮಾಡಿ. ವಾರಕ್ಕೊಂದು ದಿನ, ಓದಲು ಏಳುವ ಹೊತ್ತಿಗೆ ಯಂತ್ರವನ್ನು ಚಾರ್ಜಿಗೆ ಹಚ್ಚಿ ಅಪ್‌ಡೇಟ್ ಒತ್ತಿಬಿಡಿ. ವಿಂಡೋಸ್ 10 ಇಟ್ಟುಕೊಂಡವರು ಒಂದು ದಿನಾಂಕ ಬರೆದುಕೊಳ್ಳಿ: 2025ರ ಅಕ್ಟೋಬರ್ 14ಕ್ಕೆ ಅದರ ಸಾಮಾನ್ಯ ಬೆಂಬಲ ಮುಗಿಯಿತು. ಯಂತ್ರ ಒಪ್ಪಿದರೆ 11ಕ್ಕೆ ಏರಿ. ಒಪ್ಪದಿದ್ದರೆ ಉಬುಂಟುವಿನಂಥ ಉಚಿತ ಲಿನಕ್ಸ್ ಹಾಕಿಸಿ. ಕನ್ನಡದಲ್ಲೂ ಬಳಸಬಹುದು, ಹಳೆಯ ಯಂತ್ರಗಳಲ್ಲೂ ಹೆಚ್ಚಾಗಿ ನಡೆಯುತ್ತದೆ.

ಇಲ್ಲಿ ಒಂದು ಕಹಿ ಮಾತು ಹೇಳಲೇಬೇಕು. ಲ್ಯಾಪ್‌ಟಾಪ್ ರಿಪೇರಿಗೆ ಕೊಟ್ಟರೆ, ರಾಯಚೂರಿರಲಿ ಮಾನ್ವಿ ದೇವದುರ್ಗ ಇರಲಿ, "ಎಲ್ಲಾ ಹಾಕಿ ಕೊಡ್ತೀನಿ, ಐನೂರು ಕೊಡ್ರಿ" ಎನ್ನುವವರು ಸಿಗುತ್ತಾರೆ. ಎಲ್ಲಾ ಎಂದರೆ ಕದ್ದ ವಿಂಡೋಸ್, ಕದ್ದ ಆಫೀಸ್, ಫೋಟೊ ತಿದ್ದುವ ಕದ್ದ ತಂತ್ರಾಂಶ. ಇವನ್ನು ನಡೆಯುವಂತೆ ಮಾಡಲು ಒಂದು ಸಣ್ಣ ಪ್ರೋಗ್ರಾಂ ಓಡಿಸುತ್ತಾರೆ, ಅದು ಓಡಬೇಕಾದರೆ ವಿಂಡೋಸ್‌ನ ಸ್ವಂತ ಕಾವಲುಗಾರನಾದ ಡಿಫೆಂಡರನ್ನು ಮೊದಲು ನಿಲ್ಲಿಸುತ್ತಾರೆ. ಹಲವರು ಅದನ್ನು ಮತ್ತೆ ಚಾಲೂ ಮಾಡುವುದೇ ಇಲ್ಲ. ಮಾನ್ವಿಯ ಒಂದು ಮನೆಯಲ್ಲಿ ಅಣ್ಣ ತಮ್ಮಂದಿರ ಎರಡು ಸಂಸಾರ ಒಂದೇ ಸಂಪರ್ಕ ಬಳಸುತ್ತಿದ್ದವು. ತಮ್ಮನ ಮಗನ ಕಂಪ್ಯೂಟರ್‌ನಲ್ಲಿ ಡಿಫೆಂಡರ್ ತೆರೆದು ನೋಡಿದರೆ ಇಡೀ ಸಿ ಡ್ರೈವನ್ನೇ 'ಪರೀಕ್ಷಿಸಬೇಡ' ಎಂಬ ಪಟ್ಟಿಗೆ ಸೇರಿಸಿಟ್ಟಿದ್ದರು. ಮನೆಗೆ ಕಾವಲು ಇದೆ, ಆದರೆ ಒಳಗೆ ಕಾಲಿಡಬಾರದು ಎಂದು ಹೇಳಿಟ್ಟ ಹಾಗೆ. ನಿಮ್ಮ ಯಂತ್ರದಲ್ಲಿ ವಿಂಡೋಸ್ ಸೆಕ್ಯುರಿಟಿ ತೆರೆದು 'ಎಕ್ಸ್‌ಕ್ಲೂಷನ್ಸ್' ಎಂಬ ಪಟ್ಟಿ ನೋಡಿ. ನೀವು ಹಾಕದ್ದು ಏನಾದರೂ ಇದ್ದರೆ ತೆಗೆದುಹಾಕಿ, ಪೂರ್ತಿ ತಪಾಸಣೆ ಓಡಿಸಿ. ಪತ್ರ ಬರೆಯಲು, ಲೆಕ್ಕ ಹಾಕಲು ಲಿಬ್ರೆಆಫೀಸ್ ಉಚಿತವಾಗಿ ಸಿಗುತ್ತದೆ, ಕದಿಯುವ ಅಗತ್ಯವೇ ಇಲ್ಲ. ಕೇಂದ್ರ ಸರ್ಕಾರ 2017ರ ಫೆಬ್ರುವರಿಯಲ್ಲಿ ಶುರುಮಾಡಿದ ಸೈಬರ್ ಸ್ವಚ್ಛತಾ ಕೇಂದ್ರವೂ ಯಂತ್ರ ಶುಚಿಮಾಡುವ ಸಾಧನಗಳನ್ನು ಪುಕ್ಕಟೆ ಕೊಡುತ್ತದೆ.

ಈಗ ಮನೆ ಮಾಲಕರಿಗೆ, ಪೇಯಿಂಗ್ ಗೆಸ್ಟ್ ನಡೆಸುವವರಿಗೆ ನಾಲ್ಕು ಮಾತು. ರೂಟರ್‌ಗೆ ಎರಡು ಪಾಸ್‌ವರ್ಡ್ ಇರುತ್ತವೆ. ಒಂದು ವೈಫೈಯದು, ಎಲ್ಲರಿಗೂ ಕೊಡುವಂಥದು. ಇನ್ನೊಂದು ರೂಟರ್‌ನ ಒಳಗಿನ ವ್ಯವಸ್ಥೆಯದು. ಈ ಎರಡನೆಯದು ಕಂಪನಿಯಿಂದ ಬಂದಾಗ ಹಲವು ರೂಟರ್‌ಗಳಲ್ಲಿ ಅಡ್ಮಿನ್, ಅಡ್ಮಿನ್ ಎಂದೇ ಇರುತ್ತದೆ. ಅಥವಾ ಡಬ್ಬಿಯ ಬೆನ್ನಿನ ಚೀಟಿಯ ಮೇಲೆ ಅಚ್ಚಾಗಿರುತ್ತದೆ. ಅದನ್ನು ಬದಲಾಯಿಸಿದವರನ್ನು ನಾನು ಬೆರಳೆಣಿಕೆಯಷ್ಟು ಮಾತ್ರ ಕಂಡಿದ್ದೇನೆ. 2016ರಲ್ಲಿ ಮಿರಾಯ್ ಎಂಬ ಹುಳು ಇಂಥ ಅರವತ್ತರಷ್ಟು ಸಿದ್ಧ ಪಾಸ್‌ವರ್ಡ್‌ಗಳ ಪಟ್ಟಿ ಹಿಡಿದುಕೊಂಡೇ ಜಗತ್ತಿನ ಲಕ್ಷಾಂತರ ರೂಟರ್‌, ಕ್ಯಾಮೆರಾಗಳನ್ನು ವಶಮಾಡಿಕೊಂಡಿತು. ಅದನ್ನು ಬರೆದವರು ಮೂವರು ಎಳೆಯರು. ಅವರಲ್ಲೊಬ್ಬ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ. ತಾನು ಓದುತ್ತಿದ್ದ ವಿಶ್ವವಿದ್ಯಾಲಯದ ಜಾಲವನ್ನೇ ಮತ್ತೆ ಮತ್ತೆ ಉರುಳಿಸಿದವನು. ರೂಟರ್ ಹೀಗೆ ಕಳ್ಳರ ಕೈಗೆ ಸಿಕ್ಕರೆ ಬ್ಯಾಂಕಿನ ವಿಳಾಸ ಒತ್ತಿದವರನ್ನು ಬೇರೆ ತಾಣಕ್ಕೆ ಕಳಿಸುವಂತೆಯೂ ಮಾಡಬಹುದು. ಆಗ ಕಾಂಪೌಂಡಿನ ಒಬ್ಬರಲ್ಲ, ಎಲ್ಲರೂ ಮೋಸಹೋಗುತ್ತಾರೆ.

ಡಬ್ಲ್ಯುಪಿಎಸ್ ಎಂಬ, ಪಾಸ್‌ವರ್ಡ್ ಒತ್ತದೆಯೇ ವೈಫೈಗೆ ಸೇರಿಸುವ ಗುಂಡಿ ಇದ್ದರೆ ಆ ಸೌಲಭ್ಯವನ್ನು ನಿಲ್ಲಿಸಿಬಿಡಿ. ಅದರ ಪಿನ್ ಎಂಟು ಅಂಕಿಯದು, ಹತ್ತು ಕೋಟಿ ಸಾಧ್ಯತೆಗಳಿರಬೇಕು. ಆದರೆ ರೂಟರ್ ಅದನ್ನು ಎರಡು ತುಂಡಾಗಿ ಪರೀಕ್ಷಿಸುತ್ತದೆ, ಕೊನೆಯ ಅಂಕಿ ಉಳಿದವುಗಳಿಂದ ಲೆಕ್ಕ ಹಾಕಿ ಬರುವಂಥದು. ಹಾಗಾಗಿ ಸುಮ್ಮನೆ 11,000 ಸಲ ಪ್ರಯತ್ನಿಸಿದರೆ ಸಿಕ್ಕಿಬಿಡುತ್ತದೆ ಎಂದು 2011ರಲ್ಲೇ ತೋರಿಸಿಕೊಟ್ಟರು. ರೂಟರ್‌ನಲ್ಲಿ 'ಗೆಸ್ಟ್ ನೆಟ್‌ವರ್ಕ್' ಇದ್ದರೆ ಬಾಡಿಗೆದಾರರಿಗೆ ಅದನ್ನು ಕೊಡಿ. 'ಎಪಿ ಐಸೊಲೇಷನ್' ಎಂಬ ಆಯ್ಕೆ ಇದ್ದರೆ ಹಚ್ಚಿಡಿ. ಇಂಟರ್ನೆಟ್ ಎಲ್ಲರಿಗೂ ಸಿಗುತ್ತದೆ, ಒಬ್ಬರ ಯಂತ್ರ ಇನ್ನೊಬ್ಬರ ಯಂತ್ರವನ್ನು ನೋಡಲಾರದು. ಬಾಡಿಗೆ ಕೋಣೆಗಳ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಕೋಣೆ ಬಿಟ್ಟುಹೋದವರಿದ್ದರೆ ವೈಫೈ ಪಾಸ್‌ವರ್ಡ್ ಬದಲಾಯಿಸಿ. ಗೋಡೆಯ ಮೇಲೆ ಬರೆಯಬೇಡಿ.

ಹಂಚಿದ ವೈಫೈಯಿಂದ ಯಾರು ತಪ್ಪು ಮಾಡಿದರೂ, ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವರ ಮನೆ ಬಾಗಿಲಿಗೇ ವಿಚಾರಣೆ ಬರುತ್ತದೆ. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಸ್ಫೋಟಗಳಾದವು. ಅದಕ್ಕೆ ಕೆಲವೇ ನಿಮಿಷ ಮೊದಲು ಸುದ್ದಿವಾಹಿನಿಗಳಿಗೆ ಬಂದ ಬೆದರಿಕೆಯ ಇಮೇಲಿನ ಜಾಡು ಹಿಡಿದು ಹೋದ ಪೊಲೀಸರು ತಲುಪಿದ್ದು ನವಿ ಮುಂಬೈಯ ಒಂದು ಅಪಾರ್ಟ್‌ಮೆಂಟಿಗೆ. ಅಲ್ಲಿದ್ದ ಅಮೆರಿಕದ ಪ್ರಜೆಯೊಬ್ಬರ ವೈಫೈಗೆ ಸರಿಯಾದ ಬೀಗ ಇರಲಿಲ್ಲ, ಯಾರೋ ಅದನ್ನು ಬಳಸಿಕೊಂಡಿದ್ದರು. ತಾವು ಮಾಡದ ಕೆಲಸಕ್ಕೆ ಆ ಮನುಷ್ಯ ದಿನಗಟ್ಟಲೆ ವಿಚಾರಣೆ ಎದುರಿಸಬೇಕಾಯಿತು. ಮಾಲಕರು ಇದನ್ನು ಮರೆಯಬಾರದು.

ಹುಡುಗರಿಗೂ ಕಾನೂನಿನ ಒಂದು ಮಾತು. ತೆರೆದ ಫೋಲ್ಡರ್ ಕಂಡಿತು ಎಂದು ಪಕ್ಕದವರ ಫೈಲು ತೆಗೆದುಕೊಂಡರೆ ಅದು ಕುತೂಹಲ ಎನಿಸಿಕೊಳ್ಳುವುದಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೆಯ ಕಲಮಿನಡಿ ದುರುದ್ದೇಶದಿಂದ ಹೀಗೆ ಮಾಡಿದವರಿಗೆ ಮೂರು ವರ್ಷದವರೆಗೆ ಸೆರೆ, ಐದು ಲಕ್ಷದವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ಜಾಲಹಳ್ಳಿಯ ಆ ಹುಡುಗ ಮಾಡಿದ ಹಾಗೆ ಮಾಡಿ. ಮುಟ್ಟದೆ, ಸಂಬಂಧಪಟ್ಟವರಿಗೆ ತಿಳಿಸಿ.

ವೈಫೈ ಮಾತ್ರವಲ್ಲ, ಯಂತ್ರವನ್ನೂ ಹಂಚಿಕೊಳ್ಳುವವರಿದ್ದಾರೆ. ದೇವದುರ್ಗದಲ್ಲಿ ಮೂವರು ಶಿಕ್ಷಕಿಯರು ಒಂದೇ ಮನೆ ಹಿಡಿದಿದ್ದಾರೆ. ಒಬ್ಬರ ಮೊಬೈಲಿನ ಹಾಟ್‌ಸ್ಪಾಟ್ ಮೂವರಿಗೂ, ಒಂದೇ ಲ್ಯಾಪ್‌ಟಾಪ್ ಮೂವರಿಗೂ. ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಮೂವರಿಗೂ ಬೇರೆ ಬೇರೆ ಲಾಗಿನ್ ಮಾಡಿಕೊಳ್ಳಿ, ದಿನದ ಕೆಲಸಕ್ಕೆ ಅಡ್ಮಿನ್ ಅಧಿಕಾರವಿಲ್ಲದ ಸಾಮಾನ್ಯ ಖಾತೆ ಸಾಕು. ಎದ್ದು ಹೋಗುವಾಗ ವಿಂಡೋಸ್ ಗುಂಡಿ ಮತ್ತು ಎಲ್ ಅಕ್ಷರ ಒಟ್ಟಿಗೆ ಒತ್ತಿದರೆ ಪರದೆ ಬೀಗ ಹಾಕಿಕೊಳ್ಳುತ್ತದೆ. ಇಮೇಲಿಗೆ ಎರಡು ಹಂತದ ಪರಿಶೀಲನೆ ಹಚ್ಚಿ. ಮಕ್ಕಳ ಅಂಕಪಟ್ಟಿ, ನಿಮ್ಮ ಸೇವಾ ದಾಖಲೆ, ಫೋಟೊ ಇವುಗಳ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿಗೆ ಹಾಕಿ, ಹಾಕಿದ ಮೇಲೆ ಅದನ್ನು ಬಿಚ್ಚಿ ಕಪಾಟಿನಲ್ಲಿಡಿ. ಯಂತ್ರಕ್ಕೆ ಸಿಕ್ಕಿಸಿಯೇ ಇಟ್ಟರೆ ವಾನಾಕ್ರೈನಂಥ ಹುಳು ಆ ಪ್ರತಿಯನ್ನೂ ಬಂಧಿಸುತ್ತದೆ. ಮೂವರಲ್ಲಿ ಹಿರಿಯರು ಡಿಸ್ಕನ್ನು ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು ಮೇಲೆ ತಾರೀಖು ಬರೆದಿದ್ದಾರೆ. ಪ್ರತಿ ತಿಂಗಳ ಸಂಬಳದ ದಿನ ಹೊಸ ಪ್ರತಿ. ಆ ಡಬ್ಬಿಯನ್ನು ಕಂಡು ನನಗೆ ನಿಜವಾಗಿಯೂ ಸಂತೋಷವಾಯಿತು.

ಎಷ್ಟು ಜಾಗ್ರತೆ ವಹಿಸಿದರೂ ಆನ್‌ಲೈನ್ ಮೋಸದಲ್ಲಿ ಹಣ ಹೋಯಿತು ಎಂದಾದರೆ, ನಾಚಿಕೊಂಡು ಕೂರದೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಇನ್ನೊಬ್ಬರ ಖಾತೆಯಲ್ಲಿ ಇರುವಾಗಲೇ ತಡೆಯಬೇಕಾದ್ದರಿಂದ ಅಲ್ಲಿ ಒಂದೊಂದು ಗಂಟೆಗೂ ಬೆಲೆಯಿದೆ. ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಯಲ್ಲೂ ದೂರು ಕೊಡಬಹುದು.

ಲಿಂಗಸುಗೂರು ರಸ್ತೆಯ ಆ ಕಾಂಪೌಂಡಿಗೆ ಹೋದ ತಿಂಗಳು ಮತ್ತೆ ಹೋಗಿದ್ದೆ. ಗೋಡೆಯ ಮೇಲಿನ ಪಾಸ್‌ವರ್ಡಿಗೆ ಸುಣ್ಣ ಬಳಿದಿದ್ದಾರೆ, ನೀರು ಬಿಡುವ ದಿನಗಳು ಮಾತ್ರ ಉಳಿದಿವೆ. ಬಾಡಿಗೆದಾರರಿಗೆ ಗೆಸ್ಟ್ ನೆಟ್‌ವರ್ಕ್ ಕೊಟ್ಟಿದ್ದಾರೆ. ಆ ಕೆಲಸ ಮಾಡಿಕೊಟ್ಟವನು ಮಾಳಿಗೆಯ ಹುಡುಗನೇ. ಕೇಳುಗರೇ, ಈ ಮಾತು ಮುಗಿದ ಮೇಲೆ ನಿಮ್ಮ ಲ್ಯಾಪ್‌ಟಾಪ್ ತೆರೆದು, ವೈಫೈ ಹೆಸರಿನ ಮುಂದೆ ಪಬ್ಲಿಕ್ ಎಂದಿದೆಯೇ ಪ್ರೈವೇಟ್ ಎಂದಿದೆಯೇ ಒಮ್ಮೆ ನೋಡಿ. ಪ್ರೈವೇಟ್ ಎಂದಿದ್ದರೆ ಇವತ್ತು ರಾತ್ರಿಯೇ ಬದಲಾಯಿಸಿ, ಪಕ್ಕದ ಕೋಣೆಯವರಿಗೂ ತೋರಿಸಿಕೊಡಿ.